ಬ್ರೇಕ್ ಹಿಡಿದ ಜೆಟ್ಟಿಗೆ ಎಷ್ಟು ಎಚ್‌ಪಿ?

ಏರೋ ಇಂಡಿಯಾ ಬಂತೆಂದರೆ ಹುಣಸಮಾರನಹಳ್ಳಿಯ ತಾರಸಿಗಳಿಗೆ ಬೆಲೆ ಬರುತ್ತದೆ. 1996ರಿಂದ ಎರಡು ವರ್ಷಕ್ಕೊಮ್ಮೆ ಯಲಹಂಕ ವಾಯುನೆಲೆಯಲ್ಲಿ ನಡೆಯುತ್ತಿರುವ ಈ ಪ್ರದರ್ಶನಕ್ಕೆ ಪಾಸು ಸಿಕ್ಕವರು ಒಳಗೆ ಹೋಗುತ್ತಾರೆ. ಸಿಗದವರು ಬಳ್ಳಾರಿ ರಸ್ತೆಯ ಪಕ್ಕ ಬೈಕು ನಿಲ್ಲಿಸಿಕೊಂಡು, ಪೊಲೀಸರ ಸೀಟಿಗೆ ಕಿವಿಗೊಡದೆ ಆಕಾಶ ನೋಡುತ್ತಾರೆ. ಸುತ್ತಮುತ್ತಲ ಮಾಂಸದಂಗಡಿಗಳು ಅಷ್ಟು ದಿನ ಬಾಗಿಲು ಹಾಕಿರುತ್ತವೆ. ಬಿಸಾಡಿದ ಮಾಂಸಕ್ಕೆ ಹದ್ದುಗಳು ಎರಗಿದರೆ ಹಾರುವ ಜೆಟ್ಟಿಗೆ ಅಪಾಯ. 2025ರ ಫೆಬ್ರುವರಿಯಲ್ಲಿ ಅಮೆರಿಕದ ಎಫ್-35, ರಷ್ಯಾದ ಸುಖೋಯ್-57 ಎರಡೂ ಒಂದೇ ಅಂಗಳಕ್ಕೆ ಬಂದಿದ್ದಾಗ ರಸ್ತೆಬದಿಯ ಚರ್ಚೆ ಇನ್ನಷ್ಟು ಕಾವೇರಿತ್ತು. ಆ ಚರ್ಚೆ ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: “ಅಣ್ಣಾ, ಅದರ ಇಂಜಿನ್ನು ಎಷ್ಟು ಎಚ್‌ಪಿ ಇರ್ಬೋದು?”

ಹತ್ತು ಸಾವಿರ ಅನ್ನುವವರಿದ್ದಾರೆ, ಲಕ್ಷ ಅನ್ನುವವರೂ ಇದ್ದಾರೆ. ಆದರೆ ರನ್‌ವೇ ತುದಿಯಲ್ಲಿ ಬ್ರೇಕ್ ಹಿಡಿದು, ಥ್ರಾಟಲ್ ಏರಿಸಿ, ಊರಿನ ಕಿಟಕಿ ಗಾಜುಗಳನ್ನೆಲ್ಲ ಗಡಗಡ ಅನ್ನಿಸುತ್ತ ನಿಂತಿರುವ ತೇಜಸ್ ವಿಮಾನವನ್ನು ಮುನ್ನೂಕುತ್ತಿರುವ ಶಕ್ತಿ ಆ ಕ್ಷಣದಲ್ಲಿ ಎಷ್ಟು ಎಚ್‌ಪಿ ಎಂದು ಕೇಳಿದರೆ, ಲೆಕ್ಕದ ಪ್ರಕಾರ ಉತ್ತರ ಸೊನ್ನೆ.

ಇದು ಚಮತ್ಕಾರದ ಮಾತಲ್ಲ. ನೂಕುವುದು ಬೇರೆ, ನೂಕಿ ಸರಿಸುವುದು ಬೇರೆ. ಗೋಡೆಗೆ ಹೆಗಲು ಕೊಟ್ಟು ಬೆವರಿಳಿಸಿದರೂ ಗೋಡೆ ಅಲುಗದಿದ್ದರೆ ಭೌತಶಾಸ್ತ್ರದ ಪುಸ್ತಕದಲ್ಲಿ ಅದು ಕೆಲಸವಲ್ಲ. ಬಲ ಪ್ರಯೋಗಿಸಿದ ವಸ್ತು ದೂರ ಸರಿದರಷ್ಟೇ ಕೆಲಸ. ಆ ಕೆಲಸ ಎಷ್ಟು ಬೇಗ ಆಯಿತು ಅನ್ನುವುದು ಶಕ್ತಿ. ಬ್ರೇಕ್ ಹಿಡಿದ ಜೆಟ್ಟಿನಲ್ಲಿ ಸುಡುವ ಇಂಧನವೆಲ್ಲ ಹಿಂದಿನ ಗಾಳಿಯನ್ನು ಬಿಸಿ ಮಾಡಿ ಎಸೆಯುವುದಕ್ಕೆ, ನಮ್ಮ ಕಿವಿ ಕಿವುಡಾಗಿಸುವುದಕ್ಕೆ ಖರ್ಚಾಗುತ್ತಿರುತ್ತದೆ. ವಿಮಾನ ಇನ್ನೂ ಒಂದಂಗುಲ ಕದಲಿಲ್ಲ. ಬ್ರೇಕ್ ಬಿಟ್ಟ ಮೇಲೆ ಲೆಕ್ಕ ಶುರು. ಹಾಗಾದರೆ ಇಂಜಿನ್ನಿನ ಬಲಕ್ಕೆ ಒಂದು ಸಂಖ್ಯೆ ಹೇಳುವುದು ಹೇಗೆ? ಯಾವ ವೇಗದಲ್ಲಿ ಅಳೆದದ್ದು, ಎಲ್ಲಿಟ್ಟು ಅಳೆದದ್ದು, ಎಂಥ ಗಾಳಿಯಲ್ಲಿ, ಎಷ್ಟು ಹೊತ್ತು ಅನ್ನುವುದನ್ನು ಹೇಳದೆ ಬರೀ ಸಂಖ್ಯೆ ಹೇಳಿದರೆ ಅರ್ಧ ಸುದ್ದಿ ಹೇಳಿದ ಹಾಗೆ. ಶೋರೂಮಿನ ಕರಪತ್ರಗಳಲ್ಲಿ ನಮಗೆ ಸಿಗುವುದು ಹೆಚ್ಚಾಗಿ ಈ ಅರ್ಧವೇ.

ಎಚ್‌ಪಿ ಅನ್ನುವ ‘ಹಾರ್ಸ್‌ಪವರ್’, ಅಂದರೆ ಕುದುರೆಯ ಶಕ್ತಿ, ಹುಟ್ಟಿದ್ದು ಬಾಡಿಗೆ ವಸೂಲಿಗಾಗಿ. ಜೇಮ್ಸ್ ವ್ಯಾಟ್ ಮತ್ತು ಅವನ ಪಾಲುದಾರ ಮ್ಯಾಥ್ಯೂ ಬೌಲ್ಟನ್ ಗಣಿಗಳ ನೀರೆತ್ತುವ ಉಗಿಯಂತ್ರಗಳನ್ನು ಕೊಡುವಾಗ, ಹಳೆಯ ಯಂತ್ರಕ್ಕೆ ಹೋಲಿಸಿದರೆ ಉಳಿದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೇ ಒಂದು ಪಾಲನ್ನು ಕೇಳುತ್ತಿದ್ದರು. ಆದರೆ ಹಿಟ್ಟಿನ ಗಿರಣಿಯವನ ಬಳಿ ಹಳೆಯ ಯಂತ್ರವೇ ಇರಲಿಲ್ಲ, ಕುದುರೆಗಳಿದ್ದವು. ಅವನಿಗೆ ‘ನಿನ್ನ ಇಷ್ಟು ಕುದುರೆಗಳ ಕೆಲಸವನ್ನು ಇದೊಂದೇ ಮಾಡುತ್ತದೆ’ ಅಂದರೇ ಅರ್ಥವಾಗುವುದು. 1780ರ ದಶಕದ ಆರಂಭದಲ್ಲಿ ವ್ಯಾಟ್ ಲೆಕ್ಕಕ್ಕೆ ಕೂತ. 24 ಅಡಿ ಅಗಲದ ವೃತ್ತದಲ್ಲಿ ಗಂಟೆಗೆ 144 ಸುತ್ತು ಹಾಕುವ ಗಿರಣಿ ಕುದುರೆ 180 ಪೌಂಡು ಬಲದಿಂದ ಎಳೆಯುತ್ತದೆ ಎಂದಿಟ್ಟುಕೊಂಡ. ಗುಣಿಸಿದರೆ ನಿಮಿಷಕ್ಕೆ 32,572 ಅಡಿ-ಪೌಂಡು. ಅದನ್ನು 33,000ಕ್ಕೆ ದುಂಡು ಮಾಡಿದ. ಇವತ್ತಿನ ಮಾನದಲ್ಲಿ ಅದೇ 746 ವ್ಯಾಟ್. ಪ್ರತಿ ಎಚ್‌ಪಿಗೆ ವರ್ಷಕ್ಕೆ ಐದು ಪೌಂಡು, ಲಂಡನ್ನಿನಲ್ಲಾದರೆ ಆರು, ಅಂತ ದರ ಗೊತ್ತಾಯಿತು.

ದಿನವಿಡೀ ಅಷ್ಟು ಎಳೆಯುವ ಕುದುರೆ ಸಿಗುವುದು ಅಪರೂಪ. ಹಾಗೆಯೇ ಕೆಲವು ಸೆಕೆಂಡುಗಳ ಮಟ್ಟಿಗಾದರೆ ಒಳ್ಳೆಯ ಕುದುರೆ ಹತ್ತು ಎಚ್‌ಪಿಯನ್ನೂ ಮೀರಬಲ್ಲದು. ವ್ಯಾಟ್ ನಮ್ಮ ಕಡೆ ಹುಟ್ಟಿದ್ದರೆ ಕಪಿಲೆ ಬಾವಿಯ ಪಕ್ಕ ಕೂತು ಲೆಕ್ಕ ಹಾಕುತ್ತಿದ್ದನೇನೋ. ಎರಡೆತ್ತು ಇಳಿಜಾರಿನಲ್ಲಿ ನಡೆದು, ನೂರೈವತ್ತು ಲೀಟರ್ ಹಿಡಿಯುವ ಚರ್ಮದ ಚೀಲವನ್ನು ಹತ್ತು ಮೀಟರ್ ಆಳದಿಂದ ಎತ್ತುತ್ತವೆ, ಹಿಂದಕ್ಕೆ ಬಂದು ಮತ್ತೆ ಎಳೆಯಲು ಒಟ್ಟು ನಲವತ್ತು ಸೆಕೆಂಡು ಹಿಡಿಯುತ್ತದೆ ಅಂದುಕೊಳ್ಳಿ. ಆಗ ಜೋಡಿಯ ಶಕ್ತಿ ಸುಮಾರು 370 ವ್ಯಾಟ್, ಅರ್ಧ ಎಚ್‌ಪಿ. ಯಲಹಂಕ, ದೇವನಹಳ್ಳಿ ಸುತ್ತಿನ ತೋಟಗಳು ಒಂದು ಕಾಲಕ್ಕೆ ಈ ಅರ್ಧ ಎಚ್‌ಪಿಯಲ್ಲೇ ಹಸಿರಾಗಿದ್ದವು.

ಅದೇ ತೋಟಗಳಲ್ಲಿ ಈಗ ಕೊಳವೆಬಾವಿ ಸಾವಿರ ಅಡಿ ದಾಟಿದೆ. ಸಾವಿರ ಅಡಿ, ಅಂದರೆ 305 ಮೀಟರ್ ಕೆಳಗಿನಿಂದ ಸೆಕೆಂಡಿಗೆ ಒಂದೇ ಒಂದು ಲೀಟರ್ ನೀರು ಮೇಲೆ ಬರಬೇಕಾದರೂ ಮೂರು ಕಿಲೋವ್ಯಾಟ್, ಅಂದರೆ ನಾಲ್ಕು ಎಚ್‌ಪಿ ಬೇಕು. ಪಂಪು, ಮೋಟಾರು, ಪೈಪಿನ ಘರ್ಷಣೆ ಇವೆಲ್ಲ ಅರ್ಧದಷ್ಟನ್ನು ನುಂಗುತ್ತವೆ ಎಂದರೆ ಎಂಟು. ರಾಜ್ಯ ಸರ್ಕಾರ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಕೊಡುತ್ತದೆ. ಆ ಹತ್ತರ ಗೆರೆಯ ಹತ್ತಿರಕ್ಕೆ ನಮ್ಮ ಅಂತರ್ಜಲ ರೈತನನ್ನು ತಂದು ನಿಲ್ಲಿಸಿದೆ. ಉಚಿತವಾಗುವ ಮೊದಲು ಪಂಪ್‌ಸೆಟ್ಟುಗಳಿಗೆ ಮೀಟರಿಲ್ಲದೆ, ಎಚ್‌ಪಿಗೆ ಇಂತಿಷ್ಟು ಅಂತ ಹಣ ಕಟ್ಟುವ ಪದ್ಧತಿಯಿತ್ತು. ವ್ಯಾಟನ ಐದು ಪೌಂಡಿನ ಲೆಕ್ಕವೇ ಅದು. ಎಷ್ಟು ಉರಿಸಿದೆ ಅನ್ನುವುದನ್ನು ಕೇಳದೆ ಎಷ್ಟು ದೊಡ್ಡ ಮೋಟಾರು ಅನ್ನುವುದನ್ನಷ್ಟೇ ಕೇಳಿದರೆ ಏನಾಗುತ್ತದೋ ಅದೇ ಆಯಿತು: ಪ್ಲೇಟಿನ ಮೇಲೆ 5, ಒಳಗೆ ಸುತ್ತಿದ ತಂತಿ 7.5. ಇನ್ನೂ ಹಿಂದಕ್ಕೆ ಹೋದರೆ, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಾಗ ಅದರ ಮಾತುಕತೆಯೂ ಎಚ್‌ಪಿಯಲ್ಲೇ ನಡೆದಿತ್ತು. ಸುಮಾರು 4,000 ಎಚ್‌ಪಿ.

ಇಂಜಿನ್ನಿನ ಶಕ್ತಿಯನ್ನು ಕಣ್ಣಾರೆ ಅಳೆಯುವುದನ್ನು ನೋಡಬೇಕೆಂದರೆ ವಾಯುನೆಲೆಯ ಒಳಗೆ ಹೋಗಬೇಕಿಲ್ಲ. ಹುಣಸಮಾರನಹಳ್ಳಿಯಲ್ಲೇ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ಇಂಜಿನಿಯರಿಂಗ್ ಕಾಲೇಜಿದೆ. ಅಂಥ ಯಾವ ಮೆಕ್ಯಾನಿಕಲ್ ವಿಭಾಗದಲ್ಲಿ ಓದಿದವರನ್ನು ಕೇಳಿದರೂ ಒಂದು ಸಿಲಿಂಡರಿನ, ಕೈಯಲ್ಲಿ ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವ ಡೀಸೆಲ್ ಇಂಜಿನ್ನಿನ ಕಥೆ ಹೇಳುತ್ತಾರೆ. ಹೆಚ್ಚಿನ ಕಡೆ ಅದು ಕಿರ್ಲೋಸ್ಕರ್. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುವಾದ ಮನೆತನದ ಆ ಯಂತ್ರ ಹೊಲದಲ್ಲಿ ನೀರೆತ್ತುವಷ್ಟೇ ನಿಷ್ಠೆಯಿಂದ ಲ್ಯಾಬಿನಲ್ಲಿ ಪಾಠವನ್ನೂ ಹೇಳುತ್ತದೆ.

ಇಂಜಿನ್ನಿನ ಶಾಫ್ಟಿಗೆ ಒಂದು ಕಬ್ಬಿಣದ ಡ್ರಮ್ಮು ಕೂರಿಸಿರುತ್ತಾರೆ. ಡ್ರಮ್ಮಿನ ಮೇಲೆ ಹಗ್ಗ ಸುತ್ತಿ, ಹಗ್ಗದ ಒಂದು ತುದಿಗೆ ತೂಕದ ಬಿಲ್ಲೆಗಳು, ಇನ್ನೊಂದು ತುದಿಗೆ ಸ್ಪ್ರಿಂಗ್ ತಕ್ಕಡಿ. ಇಂಜಿನ್ನು 1,500 ಆರ್‌ಪಿಎಂನಲ್ಲಿ ತಿರುಗುತ್ತಿದೆ. ಬಿಲ್ಲೆ ಏರಿಸಿದಂತೆ ಹಗ್ಗ ಬಿಗಿಯುತ್ತದೆ, ಇಂಜಿನ್ನಿನ ಗುಡುಗುಡು ದಪ್ಪವಾಗುತ್ತದೆ, ಹೊಗೆ ಕಪ್ಪಾಗುತ್ತದೆ. ಡ್ರಮ್ಮಿನ ಒಳಸುತ್ತಿಗೆ ನೀರು ಹಾಕುತ್ತಲೇ ಇರಬೇಕು, ಇಲ್ಲದಿದ್ದರೆ ಹಗ್ಗ ಸುಟ್ಟ ವಾಸನೆ ಬರುತ್ತದೆ. ಬಿಲ್ಲೆಯ ತೂಕದಲ್ಲಿ ತಕ್ಕಡಿಯ ತೂಕ ಕಳೆದರೆ 12 ಕಿಲೋ ಉಳಿಯಿತು, ಡ್ರಮ್ಮಿನ ಮಧ್ಯದಿಂದ ಹಗ್ಗದವರೆಗೆ 20 ಸೆಂಟಿಮೀಟರ್ ಅಂದುಕೊಳ್ಳಿ. ತಿರುಚುಬಲ, ಅಂದರೆ ಟಾರ್ಕು, 23.5 ನ್ಯೂಟನ್ ಮೀಟರ್. ಅದನ್ನು ತಿರುಗುವ ವೇಗದಿಂದ ಗುಣಿಸಿದರೆ 3,700 ವ್ಯಾಟ್. ಐದು ಎಚ್‌ಪಿ ಅಂದರೆ ಇಷ್ಟು. ಅಷ್ಟೂ ಶಕ್ತಿ ಕೊನೆಗೆ ಡ್ರಮ್ಮಿನಲ್ಲಿ ನೀರನ್ನು ಕುದಿಸಿ ಹಬೆ ಮಾಡುವುದರಲ್ಲಿ ಮುಗಿಯುತ್ತದೆ.

ಬ್ರೇಕು ಹಾಕಿ ಅಳೆದ ಎಚ್‌ಪಿಗೇ ಬಿಎಚ್‌ಪಿ ಎಂದು ಹೆಸರು. 1821ರಲ್ಲಿ ಫ್ರಾನ್ಸಿನ ಗ್ಯಾಸ್ಪಾರ್ ದ ಪ್ರೋನಿ ಮಾಡಿದ ಮರದ ಬ್ರೇಕು ಈ ವಂಶದ ಹಿರಿಯ. ಹಡಗಿನ ದೈತ್ಯ ಇಂಜಿನ್ನುಗಳಿಗೆ ಹಗ್ಗ, ಮರ ಸಾಲದಾದಾಗ ವಿಲಿಯಂ ಫ್ರೌಡ್ 1877ರಲ್ಲಿ ನೀರನ್ನೇ ಕಡೆಯುವ ಬ್ರೇಕು ತಂದ. ಈಗ ಅಯಸ್ಕಾಂತದಿಂದ ತಡೆಯುವವು ಬಂದಿವೆ. ಎಲ್ಲ ‘ಡೈನೊ’ಗಳ ಕಸುಬೂ ಒಂದೇ: ತಡೆ, ತಿರುಚುಬಲ ನೋಡು, ಸುತ್ತು ಎಣಿಸು. ಶಕ್ತಿಯನ್ನು ನೇರವಾಗಿ ತೋರಿಸುವ ತಕ್ಕಡಿ ಇಲ್ಲಿಲ್ಲ. ಗುಣಾಕಾರದಿಂದ ಬರುವ ಸಂಖ್ಯೆ ಅದು.

ಗುಣಾಕಾರ ಅಂದಮೇಲೆ ಒಂದು ಏರಿದರೆ ಇನ್ನೊಂದು ಇಳಿಯಬಹುದು. ಬೈಕಿನ ವಾದಗಳಲ್ಲಿ ಮುಗಿಯದ ‘ಪಿಕಪ್ಪಾ, ಟಾಪ್ ಸ್ಪೀಡಾ’ ಜಗಳಕ್ಕೆ ಇದೇ ಮೂಲ. ಈಗಿನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಕರಪತ್ರ ನೋಡಿ: 27 ನ್ಯೂಟನ್ ಮೀಟರ್ ಟಾರ್ಕು 4,000 ಆರ್‌ಪಿಎಂನಲ್ಲಿ, 20.2 ಬಿಎಚ್‌ಪಿ 6,100ರಲ್ಲಿ. ಮೊದಲನೆಯ ಜಾಗದಲ್ಲಿ ಶಕ್ತಿ ಎಷ್ಟೆಂದು ಕರಪತ್ರ ಹೇಳುವುದಿಲ್ಲ, ನಾವು ಗುಣಿಸಬೇಕು. ಬರುವುದು ಸುಮಾರು 15 ಎಚ್‌ಪಿ. 6,100ಕ್ಕೆ ಹೋಗುವಷ್ಟರಲ್ಲಿ ಟಾರ್ಕು ಇಪ್ಪತ್ಮೂರೂವರೆಗೆ ಇಳಿದಿರುತ್ತದೆ, ಆದರೆ ಸುತ್ತು ಜಾಸ್ತಿಯಾದ್ದರಿಂದ ಶಕ್ತಿ ಇಪ್ಪತ್ತು ಮುಟ್ಟುತ್ತದೆ. ಅಂದರೆ ಹೆಬ್ಬಾಳ ಫ್ಲೈಓವರಿನ ಜಾತ್ರೆಯಲ್ಲಿ ಎರಡನೇ ಗೇರಿನಲ್ಲಿ ತೆವಳುವವನಿಗೆ ಆ ಇಪ್ಪತ್ತು ಎಚ್‌ಪಿ ಒಂದು ದಿನವೂ ಸಿಗುವುದಿಲ್ಲ. ಅವನು ದುಡ್ಡು ಕೊಟ್ಟದ್ದು ಅದಕ್ಕೆ, ಓಡಿಸುವುದು ಬೇರೆ ಯಾವುದನ್ನೋ.

ಇದರ ಎದುರಿಗೆ ಯಮಹಾ ಆರ್‌ಎಕ್ಸ್ 100. ಬರೀ 98 ಸಿಸಿ, 7,500 ಆರ್‌ಪಿಎಂನಲ್ಲಿ 11 ಬಿಎಚ್‌ಪಿ. ಟಾರ್ಕು ಹತ್ತರ ಆಸುಪಾಸು. ಟೂ-ಸ್ಟ್ರೋಕ್ ಆದ್ದರಿಂದ ಪ್ರತಿ ಸುತ್ತಿಗೂ ಒಮ್ಮೆ ಉರಿಯುತ್ತದೆ. ಸಿಸಿ ಲೆಕ್ಕದಲ್ಲಿ ಕ್ಲಾಸಿಕ್ಕಿನ ಸುಮಾರು ಎರಡರಷ್ಟು ಶಕ್ತಿ ಹಿಂಡುತ್ತದೆ. ನಮ್ಮಲ್ಲಿ ಗಾಡಿ ಕೊಳ್ಳುವಾಗ ಮೊದಲು ಕೇಳುವುದು ‘ಎಷ್ಟು ಸಿಸಿ’ ಎಂದು. ಸಿಸಿ ಅಂದರೆ ಸಿಲಿಂಡರಿನ ಅಳತೆ, ಶಕ್ತಿಯ ಅಳತೆಯಲ್ಲ. ಆರ್‌ಎಕ್ಸ್ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬ್ರಿಟಿಷರು ಒಂದು ಕಾಲದಲ್ಲಿ ಇನ್ನೂ ವಿಚಿತ್ರ ಮಾಡಿದ್ದರು. ಕಾರಿನ ತೆರಿಗೆಗಾಗಿ ಎಚ್‌ಪಿಯನ್ನು ಅಳೆಯುವ ಬದಲು ಸಿಲಿಂಡರಿನ ಅಗಲ, ಸಿಲಿಂಡರುಗಳ ಸಂಖ್ಯೆ ಇಷ್ಟನ್ನೇ ಸೂತ್ರಕ್ಕೆ ಹಾಕಿ ‘ತೆರಿಗೆ ಎಚ್‌ಪಿ’ ತೆಗೆಯುತ್ತಿದ್ದರು. ಪಿಸ್ಟನ್ನು ಎಷ್ಟು ಉದ್ದಕ್ಕೆ ಓಡುತ್ತದೆ ಅನ್ನುವುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ತಯಾರಕರು ತೆರಿಗೆ ಉಳಿಸಲು ಅಗಲ ಕಡಿಮೆ ಮಾಡಿ ಉದ್ದ ಜಾಸ್ತಿ ಮಾಡಿದರು. ಎರಡು ತಲೆಮಾರಿನ ಇಂಗ್ಲಿಷ್ ಇಂಜಿನ್ನುಗಳೆಲ್ಲ ಸಣಕಲು, ಉದ್ದುದ್ದ. ನಮ್ಮ ಹಿರಿಯರು ‘ಬೇಬಿ ಆಸ್ಟಿನ್’ ಅನ್ನುತ್ತಿದ್ದ ಆಸ್ಟಿನ್ ಸೆವೆನ್‌ನ ಏಳು ಆ ತೆರಿಗೆಯ ಏಳು. ನಿಜವಾದ ಶಕ್ತಿ ಅದಕ್ಕಿಂತ ಹೆಚ್ಚೇ ಇತ್ತು.

ಅಮೆರಿಕದಲ್ಲಿ ಉಲ್ಟಾ. ಅಲ್ಲಿ ಇಂಜಿನ್ನನ್ನು ಬರಿಮೈಯಲ್ಲಿ ಡೈನೊ ಮೇಲಿಟ್ಟು, ಫ್ಯಾನು, ಆಲ್ಟರ್ನೇಟರು, ಸೈಲೆನ್ಸರು ಎಲ್ಲ ಕಳಚಿ ಅಳೆದ ‘ಗ್ರಾಸ್’ ಸಂಖ್ಯೆಯನ್ನೇ ಜಾಹೀರಾತಿಗೆ ಹಾಕುತ್ತಿದ್ದರು. 1972ರಲ್ಲಿ ಎಲ್ಲ ಜೋಡಿಸಿ ಅಳೆದ ‘ನೆಟ್’ ಸಂಖ್ಯೆಗೆ ಬಂದಾಗ ಕ್ಯಾಡಿಲಾಕ್ ಎಲ್ಡೊರಾಡೊ ಹಿಂದಿನ ವರ್ಷದ 365ರಿಂದ 235ಕ್ಕೆ ಇಳಿಯಿತು. ಇಂಜಿನ್ನು ಅದೇ 8.2 ಲೀಟರಿನದು. ಈಗಲೂ ಇಂಥ ಸಣ್ಣಪುಟ್ಟ ಸಂದುಗಳಿವೆ. ಹಲವು ಕಾರುಗಳ ಕರಪತ್ರದಲ್ಲಿ ಕಾಣುವ ‘ಪಿಎಸ್’ ಜರ್ಮನ್ ಮೆಟ್ರಿಕ್ ಕುದುರೆ. ಅದು 735.5 ವ್ಯಾಟ್, ವ್ಯಾಟನ ಕುದುರೆಗಿಂತ ಒಂದೂವರೆ ಶೇಕಡಾ ಬಡಕಲು. 100 ಪಿಎಸ್ ಅಂದರೆ 98.6 ಬಿಎಚ್‌ಪಿ. ಮೂರಂಕಿ ಕಾಣಬೇಕೆಂದರೆ ಯಾವುದನ್ನು ಮುದ್ರಿಸಬೇಕೆಂದು ಮಾರಾಟ ವಿಭಾಗಕ್ಕೆ ಗೊತ್ತು. ಇನ್ನು, ಶಾಫ್ಟಿನಲ್ಲಿ ಅಳೆದದ್ದು ಗೇರು, ಚೈನು ದಾಟಿ ಚಕ್ರಕ್ಕೆ ಬರುವಷ್ಟರಲ್ಲಿ ಶೇ 10-15 ಸೋರಿಹೋಗುತ್ತದೆ. ಟ್ಯೂನಿಂಗ್ ಗ್ಯಾರೇಜುಗಳ ರೋಲರ್ ಡೈನೊ ಮೇಲೆ ಬೈಕು ಹತ್ತಿಸಿ ಪ್ರಿಂಟ್‌ಔಟ್ ಕೈಗೆ ಬಂದಾಗ ಮುಖ ಸಪ್ಪಗಾಗುವುದು ಇದಕ್ಕೇ.

ಬೆಂಗಳೂರಿನವರಿಗೆ ಇನ್ನೊಂದು ನಷ್ಟವಿದೆ, ಅದನ್ನು ಯಾರೂ ಹೇಳುವುದಿಲ್ಲ. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲೆ. ಇಲ್ಲಿನ ವಾಯುಒತ್ತಡ 910 ಹೆಕ್ಟೋಪ್ಯಾಸ್ಕಲ್ ಆಸುಪಾಸು. ಮಂಗಳೂರಿನಲ್ಲಿ ಅದು ಸಾವಿರ ದಾಟುತ್ತದೆ. ಪೆಟ್ರೋಲ್ ಇಂಜಿನ್ನು ಎಷ್ಟು ಗಾಳಿ ಎಳೆದುಕೊಳ್ಳುತ್ತದೋ ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಉರಿಸಬಲ್ಲದು. ಗಾಳಿ ತೆಳುವಾದರೆ ಶಕ್ತಿ ಕಡಿಮೆ. ಇಂಜಿನ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾನಕ, ಐಎಸ್‌ಒ 1585, ಎಲ್ಲ ಫಲಿತಾಂಶವನ್ನೂ 25 ಡಿಗ್ರಿ ಉಷ್ಣತೆ, 99 ಕಿಲೋಪ್ಯಾಸ್ಕಲ್ ಒಣಗಾಳಿಯ ಒತ್ತಡಕ್ಕೆ ತಿದ್ದಿ ಬರೆಯಬೇಕು ಅನ್ನುತ್ತದೆ. ಆ ಸೂತ್ರವನ್ನೇ ಉಲ್ಟಾ ಹಾಕಿದರೆ ಕರಪತ್ರದ 20.2 ಬಿಎಚ್‌ಪಿ ಬೆಂಗಳೂರಿನ ಗಾಳಿಯಲ್ಲಿ ಸುಮಾರು 18ಕ್ಕೆ ಇಳಿಯುತ್ತದೆ. ಕಂಪನಿ ಸುಳ್ಳು ಹೇಳಿಲ್ಲ, ನಮ್ಮೂರು ಎತ್ತರದಲ್ಲಿದೆ. ಟರ್ಬೊ ಇದ್ದ ಇಂಜಿನ್ನುಗಳು ಗಾಳಿಯನ್ನು ಅದುಮಿ ತುಂಬಿಕೊಳ್ಳುವುದರಿಂದ ಅಷ್ಟು ಸೊರಗುವುದಿಲ್ಲ.

ಈ ತಿದ್ದುಪಡಿಗೆ ಮಾನಕ ಒಂದು ಅಂಕುಶವನ್ನೂ ಇಟ್ಟಿದೆ. ತಿದ್ದುವ ಅಂಶ ಶೇ 7ನ್ನು ಮೀರಿದರೆ, ಪರೀಕ್ಷೆ ನಡೆದ ಪರಿಸ್ಥಿತಿಯನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಪೆಟ್ರೋಲ್ ಇಂಜಿನ್ನಿಗೆ ಬೆಂಗಳೂರಿನ ಸಹಜ ಗಾಳಿಯಲ್ಲಿ ಆ ಅಂಶ ಹದಿಮೂರರ ಹತ್ತಿರ ಬರುತ್ತದೆ. ಇಡೀ ಊರೇ ಮಾನಕದ ಗೆರೆಯಾಚೆ ಕೂತಿದೆ.

ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿಯಲ್ಲಿ ಇನ್ನೂ ಕಷ್ಟ. ಆಗ ಯಲಹಂಕದ ರನ್‌ವೇ ಮೇಲಿನ ಗಾಳಿ, ಮಾನಕ ವಾತಾವರಣದಲ್ಲಿ 6,000 ಅಡಿ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. ಪೈಲಟ್‌ಗಳಿಗೆ ಇದು ದಿನನಿತ್ಯದ ಲೆಕ್ಕ: ಇಂಜಿನ್ನಿಗೂ ಉಸಿರು ಕಮ್ಮಿ, ರೆಕ್ಕೆಗೂ ಆಸರೆ ಕಮ್ಮಿ, ಓಡಬೇಕಾದ ರನ್‌ವೇ ಉದ್ದ.

ಈಗ ಎಲೆಕ್ಟ್ರಿಕ್ ಗಾಡಿಗಳ ಸರದಿ. ಇವಕ್ಕೆ ಗಾಳಿಯ ಹಂಗಿಲ್ಲ, ಲಡಾಖಿನಲ್ಲೂ ಮೋಟಾರಿನ ಶಕ್ತಿ ಅಷ್ಟೇ. ಆದರೆ ಇಲ್ಲಿ ‘ಎಷ್ಟು ಹೊತ್ತು’ ಅನ್ನುವ ಪ್ರಶ್ನೆ ಬಂದು ಕೂರುತ್ತದೆ. ಬೆಂಗಳೂರಿನದೇ ಕಂಪನಿ ಏಥರ್‌ನ 450ಎಕ್ಸ್ ಸ್ಕೂಟರಿಗೆ 6.4 ಕಿಲೋವ್ಯಾಟ್ ಅನ್ನುತ್ತಾರೆ. ಅದು ಗರಿಷ್ಠ ಶಕ್ತಿ, ಸಿಗ್ನಲ್ ಬಿಟ್ಟಾಗ ಚಿಮ್ಮುವಷ್ಟು ಹೊತ್ತಿನದು. ಮೋಟಾರು, ಬ್ಯಾಟರಿ ಎರಡೂ ಕಾಯುತ್ತವೆ, ಕಾದರೆ ಕಂಟ್ರೋಲರು ಶಕ್ತಿಯನ್ನು ಮೊಟಕು ಮಾಡುತ್ತದೆ. ಅದಕ್ಕೇ ನಮ್ಮ ಮೋಟಾರು ವಾಹನ ನಿಯಮಗಳಲ್ಲಿ ‘30 ನಿಮಿಷದ ಶಕ್ತಿ’ ಅನ್ನುವ ಮಾತಿದೆ: ಅರ್ಧ ಗಂಟೆ ಎಡೆಬಿಡದೆ ಕೊಡಬಲ್ಲ ಶಕ್ತಿ. ನೋಂದಣಿ, ಲೈಸೆನ್ಸು ಏನೂ ಬೇಡದ ಪುಟ್ಟ ಸ್ಕೂಟರುಗಳ ಮಿತಿ 250 ವ್ಯಾಟಿಗಿಂತ ಕಡಿಮೆ ಅಂತ ಇರುವುದು ಈ 30 ನಿಮಿಷದ ಲೆಕ್ಕದಲ್ಲಿ, ಜೊತೆಗೆ ವೇಗ ಗಂಟೆಗೆ 25 ಕಿ.ಮೀ. ದಾಟಬಾರದು. ಕ್ಷಣಿಕವಾಗಿ ಅದೇ ಮೋಟಾರು ಎರಡು ಮೂರು ಪಟ್ಟು ಕೊಡಬಹುದು. ಹತ್ತು ಎಚ್‌ಪಿ ಮೀರಬಲ್ಲ ಕುದುರೆಗೆ ವ್ಯಾಟ್ ಒಂದೇ ಎಚ್‌ಪಿ ಕೊಟ್ಟದ್ದೂ ಇದೇ ವಿವೇಕದಿಂದ.

ಮತ್ತೆ ಜೆಟ್ಟಿಗೆ ಬರೋಣ. ಜೆಟ್ಟಿನಲ್ಲಿ ತಿರುಗುವ ಶಾಫ್ಟು ಇದೆ, ಆದರೆ ಅದಕ್ಕೆ ಹಗ್ಗ ಸುತ್ತಿ ಪ್ರಯೋಜನವಿಲ್ಲ. ಅದರ ಶಕ್ತಿಯೆಲ್ಲ ಒಳಗಿನ ಕಂಪ್ರೆಸರು ತಿರುಗಿಸುವುದರಲ್ಲೇ ಖರ್ಚು. ಹೊರಗೆ ಸಿಗುವುದು ಹಿಂದಕ್ಕೆ ಚಿಮ್ಮುವ ಬಿಸಿಗಾಳಿ, ಅದರ ಪ್ರತಿಯಾಗಿ ಮುಂದಕ್ಕೊಂದು ನೂಕು. ಟೆಸ್ಟ್‌ಬೆಡ್‌ನಲ್ಲಿ ಇಂಜಿನ್ನನ್ನು ಒಂದು ಚೌಕಟ್ಟಿಗೆ ಬಿಗಿದು, ಆ ಚೌಕಟ್ಟನ್ನು ಬಾಗಬಲ್ಲ ತೆಳು ಉಕ್ಕಿನ ಪಟ್ಟಿಗಳಿಂದ ತೇಲಿಬಿಟ್ಟಿರುತ್ತಾರೆ. ಇಂಜಿನ್ನು ಹೊತ್ತಿಕೊಂಡಾಗ ಚೌಕಟ್ಟು ಕೂದಲೆಳೆಯಷ್ಟು ಮುಂದೆ ಸರಿದು ಲೋಡ್‌ಸೆಲ್ಲನ್ನು ಒತ್ತುತ್ತದೆ. ಅದೇ ಥ್ರಸ್ಟು, ನೂಕುಬಲ. ಅಮೆರಿಕದವರು ಪೌಂಡಿನಲ್ಲಿ, ರಷ್ಯದವರು ಕಿಲೋಗ್ರಾಂ-ಬಲದಲ್ಲಿ, ಉಳಿದವರು ಕಿಲೋನ್ಯೂಟನ್ನಿನಲ್ಲಿ ಬರೆಯುತ್ತಾರೆ. ತೇಜಸ್‌ನ ಜಿಇ ಎಫ್404 ಇಂಜಿನ್ನು ಆಫ್ಟರ್‌ಬರ್ನರ್ (ಬಾಲದ ಕಡೆ ಮತ್ತೊಮ್ಮೆ ಇಂಧನ ಸುಡುವ ಭಾಗ) ಹೊತ್ತಿಸಿದಾಗ ಸುಮಾರು 85 ಕಿಲೋನ್ಯೂಟನ್. ಎಂಟೂವರೆ ಟನ್ ಭಾರವನ್ನು ನೇರ ಮೇಲಕ್ಕೆ ಹಿಡಿದಿಡಬಲ್ಲ ಬಲ. ರಫೇಲ್‌ನ ಎರಡು ಇಂಜಿನ್ನುಗಳು ತಲಾ 75, ಎಫ್-35ರ ಒಂದೇ ಇಂಜಿನ್ನು 190ಕ್ಕೂ ಮೇಲೆ.

ಇದನ್ನು ಎಚ್‌ಪಿಗೆ ತಿರುಗಿಸಬೇಕಾದರೆ ವೇಗದಿಂದ ಗುಣಿಸಬೇಕು. ತೇಜಸ್ 80 ಕಿಲೋನ್ಯೂಟನ್ ನೂಕಿನಲ್ಲಿ ಹೊರಟಿದೆ ಅನ್ನಿ. ಸೆಕೆಂಡಿಗೆ 10 ಮೀಟರ್ ವೇಗ, ಅಂದರೆ ನಮ್ಮ ಸ್ಕೂಟರಿನ ಓಟದಲ್ಲಿರುವಾಗ ಅದು ಸುಮಾರು 1,070 ಎಚ್‌ಪಿ. ನೆಲ ಬಿಡುವ ಹೊತ್ತಿಗೆ, ಸೆಕೆಂಡಿಗೆ 70 ಮೀಟರ್ ವೇಗದಲ್ಲಿ, 7,500. ಮೇಲೆ ಹೋಗಿ ಥ್ರಾಟಲ್ ಇಳಿಸಿ 50 ಕಿಲೋನ್ಯೂಟನ್ನಿನಲ್ಲೇ ಸೆಕೆಂಡಿಗೆ 250 ಮೀಟರ್ ಹಾರುತ್ತಿದ್ದರೆ 16,700ಕ್ಕೂ ಹೆಚ್ಚು. ನೂಕು ಕಮ್ಮಿಯಾಯಿತು, ಎಚ್‌ಪಿ ಎರಡರಷ್ಟಾಯಿತು! ಇಷ್ಟೊಂದು ಕುಣಿಯುವ ಸಂಖ್ಯೆಯನ್ನು ಇಂಜಿನ್ನಿನ ಹಣೆಗೆ ಅಂಟಿಸುವ ಹಾಗಿಲ್ಲ. ಆದ್ದರಿಂದಲೇ ಜೆಟ್ ಇಂಜಿನಿಯರುಗಳು ಎಚ್‌ಪಿಯ ಗೊಡವೆಗೆ ಹೋಗದೆ ಥ್ರಸ್ಟಿಗೇ ನಿಲ್ಲುತ್ತಾರೆ.

ಅದೇ ಯಲಹಂಕದ ಆಕಾಶದಲ್ಲಿ ಪ್ರದರ್ಶನವಿಲ್ಲದ ದಿನವೂ ಗುಂಯ್‌ಗುಟ್ಟುವ ಎಎನ್-32 ಮಾತ್ರ ಎಚ್‌ಪಿ ಜಾತಿಯದು. ಸಾರಿಗೆ ವಿಮಾನದ ಪೈಲಟ್‌ಗಳು ತರಬೇತಿ ಪಡೆಯುವುದು ಇದರಲ್ಲಿ. ಇದರ ಟರ್ಬೊಪ್ರಾಪ್ ಇಂಜಿನ್ನು, ಎಐ-20ಡಿ, ತಲಾ 5,180 ಎಚ್‌ಪಿ. ಅದೂ ಒಂದು ಜಾಣ ಸಂಖ್ಯೆಯೇ. ಪ್ರೊಪೆಲರನ್ನು ತಿರುಗಿಸುವ ಶಾಫ್ಟಿನ ಶಕ್ತಿಯ ಜೊತೆಗೆ, ಹಿಂದಿನಿಂದ ಹೊಗೆಯಾಗಿ ಹೋಗುವ ಗಾಳಿಯಲ್ಲೂ ಒಂದಿಷ್ಟು ನೂಕುಬಲ ಇರುತ್ತದಲ್ಲ, ಅದನ್ನೂ ಎಚ್‌ಪಿಗೆ ಪರಿವರ್ತಿಸಿ ಕೂಡಿಸಿದ ‘ಸಮಾನ ಎಚ್‌ಪಿ’ ಅದು. ಬಿಸಿಲಲ್ಲೂ ಎತ್ತರದಲ್ಲೂ ಏದುಸಿರು ಬಿಡದ ಇಂಜಿನ್ ಬೇಕೆಂದೇ, ಲೇಹ್‌ನಂಥ 10,000 ಅಡಿ ದಾಟಿದ ನೆಲೆಗಳಿಗಾಗಿ ವಾಯುಪಡೆ 1984ರಿಂದ ಇದನ್ನು ಸೇರಿಸಿಕೊಂಡಿತು. ಎಚ್‌ಎಎಲ್‌ನ ಧ್ರುವ್ ಹೆಲಿಕಾಪ್ಟರಿನ ‘ಶಕ್ತಿ’ ಇಂಜಿನ್ನು ಸುಮಾರು 1,400 ಎಚ್‌ಪಿ, ಎಚ್‌ಟಿಟಿ-40 ತರಬೇತಿ ವಿಮಾನದ್ದು 950. ಇಂಥ ಇಂಜಿನ್ನುಗಳ ಟಾರ್ಕನ್ನು ಹಾರಾಟದಲ್ಲೇ ತಿಳಿಯಲು ಒಂದು ಸೊಗಸಾದ ಉಪಾಯವಿದೆ: ಭಾರ ಬಿದ್ದಾಗ ಉಕ್ಕಿನ ಶಾಫ್ಟು ಕೂಡ ತುಸು ತಿರುಚಿಕೊಳ್ಳುತ್ತದೆ. ಅದರ ಎರಡು ತುದಿಗಳ ನಡುವೆ ಎಷ್ಟು ತಿರುಚಾಯಿತು ಎಂದು ಓದಿದರೆ ಸಾಕು.

ಥ್ರಸ್ಟಿನ ಸಂಖ್ಯೆ ಬರೀ ಕಾಗದದ ವಿಷಯವಲ್ಲ ಅನ್ನುವುದು ಬೆಂಗಳೂರಿಗೆ ಅರವತ್ತು ವರ್ಷಗಳಿಂದ ಗೊತ್ತು. ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ಎಚ್‌ಎಎಲ್‌ಗೆ ಬಂದು ವಿನ್ಯಾಸ ಮಾಡಿದ ಎಚ್‌ಎಫ್-24 ‘ಮಾರುತ್’, ಶಬ್ದದ ಎರಡರಷ್ಟು ವೇಗದ ಕನಸಿನ ವಿಮಾನ. 8,170 ಪೌಂಡು ನೂಕುವ ಆರ್ಫಿಯಸ್ 12 ಇಂಜಿನ್ನನ್ನು ನಂಬಿ ಮೈ ಕಟ್ಟಿದ್ದರು. ಬ್ರಿಟನ್ ಆ ಇಂಜಿನ್ನನ್ನು ಕೈಬಿಟ್ಟಿತು, ಅದರ ಅಭಿವೃದ್ಧಿಗೆ ಹಣ ಹಾಕಲು ಭಾರತವೂ ಒಪ್ಪಲಿಲ್ಲ. ಕೊನೆಗೆ ಸಿಕ್ಕಿದ್ದು 4,850 ಪೌಂಡಿನ ಆರ್ಫಿಯಸ್ 703, ಎರಡು. 1961ರ ಜೂನ್ 17ರಂದು ಸುರಂಜನ್ ದಾಸ್ ಬೆಂಗಳೂರಿನಲ್ಲಿ ಅದನ್ನು ಮೊದಲ ಬಾರಿ ಹಾರಿಸಿದರು. ನೋಡಲು ಅಂದದ ವಿಮಾನ, ಕೆಳಮಟ್ಟದಲ್ಲಿ ಹಾರಲು ಸೊಗಸು ಅಂತ ಓಡಿಸಿದವರೆಲ್ಲ ಹೇಳಿದರು. ಎರಡರಷ್ಟಿರಲಿ, ಶಬ್ದದ ವೇಗ ದಾಟುವುದೇ ಅದಕ್ಕೆ ಕಷ್ಟವಾಯಿತು. ಆಫ್ಟರ್‌ಬರ್ನರ್ ಜೋಡಿಸಿ ಆ ಕೊರತೆ ತುಂಬುವ ಪ್ರಯತ್ನದ ವಿಮಾನವನ್ನು ಹಾರಿಸುವಾಗಲೇ 1970ರ ಜನವರಿ 10ರಂದು ದಾಸ್ ತೀರಿಕೊಂಡರು. ಹಳೆ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆ ಹೋಗುವ ಸುರಂಜನ್ ದಾಸ್ ರಸ್ತೆಯಲ್ಲಿ ದಿನಾ ಸಿಕ್ಕಿಹಾಕಿಕೊಳ್ಳುವವರಲ್ಲಿ ಎಷ್ಟು ಜನ ಆ ಹೆಸರಿನ ಹಿಂದೆ ಇಂಜಿನ್ನಿನ ಕೊರತೆ ಇತ್ತೆಂದು ನೆನೆಯುತ್ತಾರೋ.

1989ರಲ್ಲಿ ಮಂಜೂರಾದ ಕಾವೇರಿ ಇಂಜಿನ್ನಿನದೂ ಸಂಖ್ಯೆಯ ಸಂಕಟವೇ. ಸಿ.ವಿ. ರಾಮನ್ ನಗರದ ಜಿಟಿಆರ್‌ಇ ಪ್ರಯೋಗಾಲಯ ಅದಕ್ಕೆ ಇಟ್ಟುಕೊಂಡ ಗುರಿ ಆಫ್ಟರ್‌ಬರ್ನರಿನೊಡನೆ 81 ಕಿಲೋನ್ಯೂಟನ್. ನೂಕು ಗುರಿಗಿಂತ ಕೆಳಗೆ ನಿಂತಿತು, ತೂಕ ಗುರಿಗಿಂತ ಮೇಲೇರಿತು. 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಿದರು. ಕಾವೇರಿಯನ್ನು ಹಂಗಿಸುವುದು ಸುಲಭ. ಆದರೆ ಅದರ ನಿಜವಾದ ಸಂಖ್ಯೆ ಎಷ್ಟೆಂದು ತಿಳಿಯುವುದಕ್ಕೇ ನಮ್ಮಲ್ಲಿ ಜಾಗವಿರಲಿಲ್ಲ. ನೆಲದ ಮೇಲಿನ ಟೆಸ್ಟ್‌ಬೆಡ್‌ನಲ್ಲಿ ಬರುವುದು ನಿಂತ ಇಂಜಿನ್ನಿನ ನೂಕು, ಅದೂ 3,000 ಅಡಿಯ ತೆಳುಗಾಳಿಯಲ್ಲಿ ಅಳೆದು ಸಮುದ್ರಮಟ್ಟಕ್ಕೆ ತಿದ್ದಿದ್ದು. ನಲವತ್ತು ಸಾವಿರ ಅಡಿಯಲ್ಲಿ, ಮೈನಸ್ 56 ಡಿಗ್ರಿ ಚಳಿಯಲ್ಲಿ, ಎದುರಿನಿಂದ ಗಾಳಿ ನುಗ್ಗುವಾಗ ಎಷ್ಟು ಉಳಿಯುತ್ತದೆ ಅನ್ನುವುದಕ್ಕೆ ಆ ಎತ್ತರದ ಗಾಳಿಯನ್ನೇ ಕೋಣೆಯೊಳಗೆ ಸೃಷ್ಟಿಸುವ ಭಾರಿ ಸ್ಥಾವರ ಬೇಕು, ಇಲ್ಲವೇ ಇಂಜಿನ್ನನ್ನು ಹೊತ್ತು ಹಾರುವ ಪ್ರಯೋಗ ವಿಮಾನ ಬೇಕು. ಎರಡೂ ರಷ್ಯದಲ್ಲಿದ್ದವು. ಹಾಗಾಗಿ ಕಾವೇರಿ ಅಲ್ಲಿಗೆ ಹೋಯಿತು. ಮೊದಲು ಮಾಸ್ಕೋದ ಕೋಣೆಯೊಳಗೆ, ಆಮೇಲೆ 2010ರಲ್ಲಿ ಗ್ರೋಮೊವ್ ಹಾರಾಟ ಸಂಶೋಧನಾ ಸಂಸ್ಥೆಯ ನಾಲ್ಕು ಇಂಜಿನ್ನಿನ ಐಎಲ್-76 ಸರಕು ವಿಮಾನದಲ್ಲಿ, ಒಂದು ಇಂಜಿನ್ನು ಕಳಚಿದ ಜಾಗಕ್ಕೆ ಬೆಂಗಳೂರಿನ ಇಂಜಿನ್ನನ್ನು ಬಿಗಿದುಕೊಂಡು.